ಒಂದು ಗುಡಿಸು

ಫೆಬ್ರವರಿ 3

ಪ್ರೀತಿಯ ಕರಡಿಗೆ,

ಸಿಟ್ಟಾಗಬೇಡ. ನೀನು ಮುದ್ರಣಾಲಯಕ್ಕೆ ಕರಡು ತಿದ್ದಲು ಸೇರಿದ ದಿನ ನಾನೇ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದ ಮೇಲೆ ಈಗ ‘ಭಾವ’ ಎಂದು ಬರೆಯಹೊರಟರೆ ಪೆನ್ನೇ ನಗುತ್ತದೆ. ಕರಡಿನ ಕೊಂಬು ಕಿತ್ತು ಗುಡಿಸು ಕೊಟ್ಟರೆ ಕರಡಿ. ನನಗೆ ಗೊತ್ತಿರುವ ವ್ಯಾಕರಣ ಇಷ್ಟೇ. ಬೋಧಕರ ಶಾಲೆಯಲ್ಲಿ ನನ್ನ ಧ್ವನಿ ಕೇಳಿ ನೀನು ‘ಗಂಟೆ’ ಎಂದೆಯಲ್ಲ, ಅದಕ್ಕೆ ಇದು ಸಮ.

ಸಂಗತಿ ಏನೆಂದರೆ, ಮಾನಸಾಂತರದ ಮೇಲೆ ಭಾನುವಾರದ ಆರಾಧನೆಗಳಲ್ಲಿ ನಾನು ಮಾಡಿದ ಹನ್ನೆರಡು ಪ್ರಸಂಗಗಳನ್ನು ಪುಸ್ತಕ ಮಾಡಿಸಬೇಕೆಂದು ನಮ್ಮ ಸಭೆಯ ಹಿರಿಯರು ಹಟ ಹಿಡಿದಿದ್ದಾರೆ. ನಾನು ಬೇಡವೆಂದೆ. ಹಿರಿಯರಲ್ಲೆಲ್ಲ ಹಿರಿಯರಾದ ಗಡಿಯಾರ ರಿಪೇರಿಯವರು ಬಿಡಲಿಲ್ಲ. ‘ಅಯ್ಯನವರೇ, ಮಾತಾಡಿದ್ದು ಗಾಳಿಗೆ ಹೋಗುತ್ತೆ, ಅಚ್ಚಾಗಿದ್ದು ಮನೆಗೆ ಹೋಗುತ್ತೆ’ ಎಂದರು. ಒಪ್ಪಿಬಿಟ್ಟೆ.

ಹಸ್ತಪ್ರತಿಯನ್ನು ಇವತ್ತಿನ ಅಂಚೆಯಲ್ಲಿ ನಿನಗೇ ಕಳಿಸಿದ್ದೇನೆ. ಬೇರೆ ಪ್ರತಿ ನನ್ನ ಬಳಿ ಇಲ್ಲ, ಜೋಪಾನ. ಎಲ್ಲವನ್ನೂ ಮಾತಾಡುವ ಹಾಗೇ ಬರೆದುಬಿಟ್ಟಿದ್ದೇನೆ. ‘ಬೇಕಲ್ಲ’ ‘ಬೇಕಲ್ಲ’ ಎಂದು ಸಾಲಿಗೊಂದು ಬಂದಿದೆಯೆಂದು ನಿನ್ನ ತಂಗಿ ಗೊಣಗುತ್ತಾಳೆ. ಮನುಷ್ಯ ಅಂದಮೇಲೆ ಒಂದು ಚಟ ಇರಬೇಕಲ್ಲ.

ಈಗ ಬೆಂಚು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದಾರೆ. ನೀನು ಒಂದು ಭಾನುವಾರ ಬಂದು ನೋಡಬೇಕು. ಕರೆದು ಕರೆದು ಆರು ವರ್ಷವಾಯಿತು.

ನಿನ್ನ
ಗಂಟೆ


ಫೆಬ್ರವರಿ 12

ಪ್ರಿಯ ಭಾವ,

ಕಟ್ಟು ತಲುಪಿತು. ನೂರ ನಲವತ್ತೆರಡು ಹಾಳೆ, ಎರಡು ಬಗೆಯ ಶಾಯಿ, ಮೂವತ್ತನೆಯ ಹಾಳೆಯ ಮೇಲೆ ಲೋಟದ ತಳದ ಗುರುತು. ಟೈಪ್ ಮಾಡುವ ಅಕ್ಕ ಬಿಚ್ಚಿ ನೋಡಿ, ‘ಏನ್ ಸಾರ್ ಇದು, ಕಾಗೆ ಕಾಲು ಗುಬ್ಬಿ ಕಾಲು! ನಿಮ್ಮ ಭಾವ ಕೋಳಿ ಕಾಲಿಗೆ ಶಾಯಿ ಹಚ್ಚಿ ಓಡಿಸಿದ್ರಾ?’ ಎಂದರು. ನನಗೆ ನಿನ್ನ ಅಕ್ಷರ ಓದಲು ಕಷ್ಟವಿಲ್ಲ. ಬೋಧಕರ ಶಾಲೆಯಲ್ಲಿ ಮೂರು ವರ್ಷ ನಿನ್ನ ಉತ್ತರಪತ್ರಿಕೆಗಳನ್ನು ಗುರುಗಳಿಗೆ ಓದಿ ಹೇಳಿದವನು ನಾನೇ.

ಮೊದಲ ಐದು ಪ್ರಸಂಗಗಳನ್ನು ನೋಡಿದೆ. ಮೂರನೆಯದರಲ್ಲಿ ಏಳು ಕಡೆ ‘ಪಶ್ಚಾತ್ತಾಪ’ ಎಂದಿದ್ದೀಯ. ಐದು ಕಡೆ ‘ಮಾನಸಾಂತರ’ ಆಗಬೇಕು. ಪಶ್ಚಾತ್ತಾಪ ಎಂದರೆ ಮಾಡಿದ್ದನ್ನು ನೆನೆದು ಬೇಯುವುದು. ಮಾನಸಾಂತರ ಎಂದರೆ ತಿರುಗುವುದು. ಗುರುವನ್ನು ಹಿಡಿದುಕೊಟ್ಟ ಶಿಷ್ಯನಿಗೂ ನೇಣು ಹಾಕಿಕೊಳ್ಳುವಷ್ಟು ಪಶ್ಚಾತ್ತಾಪವಾಗಿತ್ತು. ಅವನು ಹಗ್ಗದ ಕಡೆಗೆ ಹೋದನೇ ಹೊರತು ತಿರುಗಲಿಲ್ಲ. ಈ ಎರಡು ಪದಗಳನ್ನು ಕಲೆಸಿದವನು ಎಷ್ಟು ಇಂಪಾಗಿ ಮಾತಾಡಿದರೂ ಕೇಳುವವರನ್ನು ತಪ್ಪು ದಾರಿಗೆ ಹಚ್ಚುತ್ತಾನೆ. ಸುಳ್ಳು ಬೋಧನೆ ಕೊಂಬು ಕೋರೆ ಇಟ್ಟುಕೊಂಡು ಬರುವುದಿಲ್ಲ, ಸಡಿಲವಾದ ಒಂದು ಪದದಿಂದ ಒಳಗೆ ಬರುತ್ತದೆ. ಇದು ನಿನಗೆ ತಿಳಿಯದ್ದಲ್ಲ.

ಕಿಟಕಿಯ ಕಟ್ಟೆಯ ಮೇಲೂ ಜನ ಕೂರುತ್ತಾರೆಂದು ಬರೆದಿದ್ದೀಯ. ಸಂತೋಷ. ನಮ್ಮ ಸಭೆಯಲ್ಲಿ ಹೋದ ಭಾನುವಾರ ಹದಿನೇಳು ಜನ ಇದ್ದೆವು. ಬೋಧನೆ ಮಾತ್ರ ಸ್ವಸ್ಥವಾಗಿದೆ, ತಪ್ಪು ಬೆರೆತಿಲ್ಲ.

ಅಚ್ಚಿನಲ್ಲಿ ಧ್ವನಿ ಕೇಳಿಸುವುದಿಲ್ಲ. ಧ್ವನಿ ತೆಗೆದ ಮೇಲೆ ಏನು ಉಳಿಯುತ್ತದೆ ನೋಡೋಣ.

ಇತಿ,
ತಂಗಿಯ ಅಣ್ಣ


ಫೆಬ್ರವರಿ 21

ಕರಡಿ,

ಐದೂ ಕಡೆ ನೀನು ಹೇಳಿದ್ದೇ ಸರಿ, ತಿದ್ದು. ‘ಹಗ್ಗದ ಕಡೆಗೆ ಹೋದನೇ ಹೊರತು ತಿರುಗಲಿಲ್ಲ’ ಎಂಬ ನಿನ್ನ ಸಾಲನ್ನು ಹೋದ ಭಾನುವಾರ ಹಾಗೇ ಹೇಳಿಬಿಟ್ಟೆ. ನಾಲ್ಕಾರು ಜನ ಅಲ್ಲೇ ಬರೆದುಕೊಂಡರು. ‘ನನ್ನ ಭಾವನದು’ ಎಂದು ಹೇಳಬೇಕೆಂದಿದ್ದೆ, ಮಾತಿನ ಭರದಲ್ಲಿ ಮರೆತೆ. ಮುಂದಿನ ವಾರ ಹೇಳುತ್ತೇನೆ.

ಅಚ್ಚಿನ ಕರಡನ್ನು ನನಗೆ ಕಳಿಸುವ ಗೋಜಿಗೆ ಹೋಗಬೇಡ. ನಿನ್ನ ಕಣ್ಣು ಬಿದ್ದ ಹಾಳೆಯಲ್ಲಿ ನನಗೇನು ಕೆಲಸ? ನನ್ನ ಕಾಗುಣಿತದ ಯೋಗ್ಯತೆ ನಿನಗೆ ಗೊತ್ತಲ್ಲ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ‘ಕಕ್ಕೆ ಗುಡಿಸು ಕೊಡೋ!’ ಎಂದು ಕೂಗಿದಾಗ ಮೂಲೆಗೆ ಓಡಿಹೋಗಿ ಪೊರಕೆ ತಂದವನು ನಾನು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನೀನೊಬ್ಬ ನಗಲಿಲ್ಲ. ಸ್ಲೇಟಿನ ಮೇಲೆ ಕಿ ಬರೆದು ನನ್ನ ಕಡೆ ತಿರುಗಿಸಿ ತೋರಿಸಿದೆ. ಅವತ್ತಿನಿಂದ ನೀನೇ ನನ್ನ ಕಾವಲು.

ಒಂಬತ್ತನೆಯ ಪ್ರಸಂಗದಲ್ಲಿ ನೀನಿದ್ದೀಯ. ಹೆಸರು ಹಾಕಿಲ್ಲ. ಓದಿದರೆ ನಗುತ್ತೀಯ.

ನಿನ್ನ
ಗಂಟೆ


ಮಾರ್ಚ್ 16

ಪ್ರಿಯ ಭಾವ,

ಪುಸ್ತಕ ಇವತ್ತು ಅಚ್ಚಿಗೆ ಹೋಯಿತು. ನೂರ ನಾಲ್ಕು ಪುಟ.

ಒಂಬತ್ತನೆಯದನ್ನು ಓದಿದೆ. ಬೋಧಕರ ಶಾಲೆಯ ಯುವಕನೊಬ್ಬ ಮೊದಲ ಪ್ರಸಂಗಕ್ಕೆಂದು ಪೀಠ ಹತ್ತುತ್ತಾನೆ, ಬಾಯಿ ತೆರೆಯುತ್ತಾನೆ, ಮಾತು ಹೊರಡುವುದಿಲ್ಲ. ಅವನ ಸ್ನೇಹಿತ ಮೂರನೆಯ ಬೆಂಚಿನಿಂದ ಎದ್ದು ಹಾಡು ಹಿಡಿಯುತ್ತಾನೆ. ಸಭೆಯೆಲ್ಲ ಎದ್ದು ಹಾಡುತ್ತದೆ. ಯುವಕ ಸದ್ದಿಲ್ಲದೆ ಇಳಿದುಬರುತ್ತಾನೆ. ಕೃಪೆ ಎಂದರೆ ಹೀಗೆ ಎಂದು ಬರೆದಿದ್ದೀಯ. ಹಾಡಿದವನ ಧ್ವನಿಗೆ ಎರಡು ಸಾಲು ಕೊಟ್ಟಿದ್ದೀಯ, ನಿಂತವನಿಗೆ ಅರ್ಧ.

ಅಂದು ಭಾನುವಾರವಲ್ಲ, ಗುರುವಾರ. ಅದನ್ನೂ ತಿದ್ದಲಿಲ್ಲ. ಆ ಪುಟದಲ್ಲಿ ನಾನು ಒಂದಕ್ಷರವನ್ನೂ ಮುಟ್ಟಿಲ್ಲ.

ಇತಿ,
ತಂಗಿಯ ಅಣ್ಣ


ಏಪ್ರಿಲ್ 30

ಕರಡಿ,

ಪುಸ್ತಕ ಬಂದು ಮೂರು ವಾರವಾಯಿತು. ಬಂದ ದಿನವೇ ಬರೆಯಬೇಕಿತ್ತು, ಸಡಗರದಲ್ಲಿ ಮರೆತೆ. ಈಗ ಬರೆಯುತ್ತಿರುವುದು ಸಡಗರದಿಂದಲ್ಲ.

ನಮ್ಮ ಸಭೆಯಲ್ಲಿ ಒಬ್ಬ ಬಡಗಿ ಇದ್ದಾನೆ. ಹನ್ನೊಂದು ವರ್ಷದ ಹಿಂದೆ ಅವನೂ ಅವನ ತಮ್ಮನೂ ಒಂದೇ ಕಾರ್ಖಾನೆಯಲ್ಲಿದ್ದರು. ಅಂಟು ಕಾಯಿಸುವ ಒಲೆಯನ್ನು ಇವನು ಆರಿಸದೆ ಮನೆಗೆ ಹೋದ. ಅರ್ಧ ಕಾರ್ಖಾನೆ ಸುಟ್ಟಿತು. ಆರೋಪ ತಮ್ಮನ ತಲೆಗೆ ಬಂತು, ಇವನು ಬಾಯಿ ಬಿಡಲಿಲ್ಲ. ತಮ್ಮನಿಗೆ ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಇಬ್ಬರಿಗೂ ಮಾತಿಲ್ಲ. ಈ ಬಡಗಿ ಜನವರಿಯಲ್ಲಿ ಮೂರು ಭಾನುವಾರ ಕಡೆಯ ಬೆಂಚಿನಲ್ಲಿ ಕೂತು ಅತ್ತ. ನಾಲ್ಕನೆಯ ವಾರ ನನ್ನ ಕೈ ಹಿಡಿದು, ‘ಹೋಗಿ ತಮ್ಮನಿಗೆ ಹೇಳ್ತೀನಿ’ ಎಂದ. ಧೈರ್ಯ ಸಾಲದೆ ದಿನ ದೂಡುತ್ತ ಬಂದ.

ಮೊನ್ನೆ ಎದುರಾದ. ಮುಖ ಹಗುರವಾಗಿತ್ತು.

‘ಭಾರ ಇಳೀತು, ಅಯ್ಯನವರೇ.’

‘ದೇವರು ದೊಡ್ಡವನು! ತಮ್ಮ ಏನಂದ?’

‘ಅವನ ಹತ್ರ ಹೋಗ್ಲಿಲ್ಲ. ಹೋಗಬೇಕಿಲ್ಲವಲ್ಲ.’

‘ಯಾರಪ್ಪಾ ಹೇಳಿದ್ದು?’

‘ನೀವೇ! ಅರವತ್ತೊಂದನೇ ಪುಟ.’

ಜೇಬಿನಿಂದ ಪುಸ್ತಕ ತೆಗೆದ. ಗೆರೆ ಎಳೆದಿಟ್ಟಿದ್ದ. ಅಲ್ಲಿ ಹೀಗಿದೆ: ‘ಅಳುತ್ತ ಬಂದವನನ್ನು ದೇವರು ಬಾಗಿಲಿನಿಂದ ತಳ್ಳುವುದಿಲ್ಲ. ಬಂದವನು ಹಳೆಯ ದಾರಿಯನ್ನು ಬಿಡಬೇಕಿಲ್ಲ.’

ಬಿಡಬೇಕಿಲ್ಲ! ಅದು ತಪ್ಪು ಎಂದರೆ ಅವನು ಒಪ್ಪಲೊಲ್ಲ. ‘ಹಿರಿಯರು ಬೈದ್ರು ಅಂತ ಈಗ ಮಾತು ತಿರುಗಿಸ್ತೀರಾ? ಅಚ್ಚಾಗಿದೆಯಲ್ಲ’ ಎನ್ನುತ್ತಾನೆ.

ಹಿರಿಯರು ಬೈದದ್ದೂ ನಿಜ. ಗಡಿಯಾರದವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಒಂದು ಹಲ್ಲು ಮುರಿದ ಚಕ್ರ ಸಾಕು, ಇಡೀ ಗಡಿಯಾರ ಸುಳ್ಳು ಹೇಳುತ್ತೆ. ಇದು ಸುಳ್ಳು ಬೋಧನೆ, ಅಯ್ಯನವರೇ. ನಿಮ್ಮದು ಅಂತ ನಮಗೆ ನಂಬಕ್ಕಾಗ್ತಿಲ್ಲ, ಆದ್ರೆ ನಿಮ್ಮ ಹೆಸರಿದೆ’ ಎಂದರು. ವಿಚಾರಣೆ ನಡೆಸುತ್ತಾರಂತೆ.

ಕರಡಿ, ಹಸ್ತಪ್ರತಿ ನಿನ್ನ ಬಳಿ ಇದೆ. ಆ ಸಾಲನ್ನು ನಾನು ಹೇಗೆ ಬರೆದಿದ್ದೇನೆ ನೋಡಿ ಹೇಳು. ಒಂದೇ ಸಾಲು ಬರೆದರೆ ಸಾಕು.

ಗಂಟೆ


ಮೇ 8

ಪ್ರಿಯ ಭಾವ,

ನಿನ್ನ ಪತ್ರ ತಲುಪಿತು. ಅಚ್ಚಾದ ಪುಸ್ತಕಗಳ ಹಸ್ತಪ್ರತಿಗಳನ್ನು ಕಟ್ಟುಕಟ್ಟಾಗಿ ಕಟ್ಟಿ ಹಿಂದಿನ ಕೋಣೆಯ ಅಟ್ಟಕ್ಕೆ ಹಾಕುತ್ತಾರೆ. ಈಗ ಶಾಲಾ ಪುಸ್ತಕಗಳ ಕೆಲಸ ತಲೆಯ ಮೇಲಿದೆ. ಸಮಯವಾದಾಗ ಹುಡುಕಿಸುತ್ತೇನೆ.

ಅಷ್ಟರಲ್ಲಿ ಒಂದು ಮಾತು. ಆ ಸಾಲು ಹೇಗೆ ಬಂತು ಎಂದು ಕೇಳುವ ಮೊದಲು, ಅದನ್ನು ಓದಿದವರು ಅದು ನಿನ್ನದೇ ಎಂದು ಅಷ್ಟು ಸುಲಭವಾಗಿ ಏಕೆ ನಂಬಿದರು ಎಂದು ಕೇಳಿಕೋ. ನೀನು ಬಾಗಿಲನ್ನು ಯಾವಾಗಲೂ ಅಗಲವಾಗಿಯೇ ತೆರೆದಿಟ್ಟವನು. ಬಂದವರೆಲ್ಲ ಬರಲಿ ಎಂದವನು. ಕಿಟಕಿಗಳ ಮೇಲೂ ಜನ ಕೂರಬೇಕಾದರೆ ಬೋಧನೆಯ ಹೊಸ್ತಿಲು ಎಲ್ಲೋ ಸ್ವಲ್ಪ ತಗ್ಗಿರಲೇಬೇಕು. ಇದನ್ನು ನಾನು ಹಿಂದೆಯೇ ಬರೆಯಬೇಕಿತ್ತು.

ಇತಿ,
ತಂಗಿಯ ಅಣ್ಣ


ಮೇ 22

ಅಣ್ಣನಿಗೆ,

ಇವರು ನಿನಗೆ ಬರೆಯುವುದಿಲ್ಲ ಎಂದರು, ಅದಕ್ಕೆ ನಾನು ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಬರೆಯುತ್ತಿರುವುದರಿಂದ ಹಾಳೆಗೆ ಸ್ಪಿರಿಟ್ಟಿನ ವಾಸನೆ ಬಂದರೆ ಬೇಸರ ಮಾಡಿಕೊಳ್ಳಬೇಡ.

ತೀರ್ಮಾನವಾಗುವವರೆಗೆ ಪೀಠ ಹತ್ತಬಾರದು ಎಂದು ಹಿರಿಯರು ಇವರಿಗೆ ಹೇಳಿದ್ದಾರೆ. ಇವರು ವಾದ ಮಾಡಲಿಲ್ಲ. ‘ನಾನೇ ಹಾಗೆ ಬರೆದಿರಬೇಕು, ಬೆಳಗಿನ ಜಾವದ ನಿದ್ದೆಗಣ್ಣಲ್ಲಿ ಬರೆದದ್ದು’ ಎಂದರು. ಎರಡು ವಾರದಿಂದ ಉಪವಾಸ, ಪ್ರಾರ್ಥನೆ. ನನ್ನೊಳಗೆ ಯಾವ ಕಳ್ಳ ಬೋಧಕ ಕೂತಿದ್ದಾನೋ ಹುಡುಕಬೇಕು ಅನ್ನುತ್ತಾರೆ. ಸುಮ್ಮನೆ ಕೂರಲಾಗದೆ ಶನಿವಾರ ಮಧ್ಯಾಹ್ನ ಹೋಗಿ ಸಭಾಂಗಣ ಗುಡಿಸುತ್ತಾರೆ, ಬೆಂಚು ಒರೆಸುತ್ತಾರೆ. ‘ಮೇಷ್ಟ್ರು ಅವತ್ತೇ ಹೇಳಿದ್ರು ಗುಡಿಸು ಅಂತ, ನಲವತ್ತು ವರ್ಷ ಬೇಕಾಯ್ತು ಅರ್ಥವಾಗೋಕೆ’ ಎಂದು ನಗಲು ನೋಡುತ್ತಾರೆ. ಅವರ ನಗು ನಿನಗೆ ಗೊತ್ತು. ಈಗ ಅದು ಹಾಗಿಲ್ಲ.

ನಾನು ಹೇಳಿದೆ, ಟೈಪಿನಲ್ಲಿ ತಪ್ಪಾಗಿರಬಹುದಲ್ಲ ಅಂತ. ಅದಕ್ಕೆ ಇವರು ಏನಂದರು ಗೊತ್ತೇ? ‘ಆಗಿದ್ರೂ ಕರಡಿ ಕಣ್ಣು ತಪ್ಪಿಸಿ ಹೋಗುತ್ತಾ? ಅವನು ನೋಡಿ ಬಿಟ್ಟಿದಾನೆ ಅಂದ್ರೆ ನಾನು ಹಾಗೇ ಬರ್ದಿದೀನಿ ಅಂತಲೇ ಅರ್ಥ.’

ಬಡಗಿಯ ತಮ್ಮ ನಮ್ಮ ಆಸ್ಪತ್ರೆಯಲ್ಲೇ ಇದ್ದಾನೆ. ಅವನ ರಕ್ತದ ಪರೀಕ್ಷೆ ನಾನೇ ಮಾಡುತ್ತೇನೆ, ಆದ್ದರಿಂದ ಹೆಚ್ಚು ಹೇಳಬಾರದು. ಕಾಲ ಬಹಳ ಇಲ್ಲ. ಅಣ್ಣನಾದವನು ಬಂದಿಲ್ಲ. ಇವರು ದಿನಾ ಬಡಗಿಯ ಬಾಗಿಲಿಗೆ ಹೋಗಿ ಹೇಳುತ್ತಾರೆ. ಅವನು ಪುಸ್ತಕ ತೋರಿಸುತ್ತಾನೆ.

ಇನ್ನೊಂದು ಸುದ್ದಿ. ಜೂನ್ ಎರಡನೆಯ ಭಾನುವಾರ ಸ್ವಸ್ಥಬೋಧನೆಯ ಮೇಲೆ ಪ್ರಸಂಗ ಮಾಡಲು ಹೊರಗಿನಿಂದ ಒಬ್ಬರನ್ನು ಕರೆಯಬೇಕೆಂದು ಹಿರಿಯರು ಯೋಚಿಸಿದರು. ಇವರು ನಿನ್ನ ಹೆಸರು ಹೇಳಿದರು. ಕಾಗದ ಇಷ್ಟರಲ್ಲೇ ನಿನಗೆ ಬರುತ್ತದೆ.

ಅಣ್ಣ, ನನ್ನ ಮದುವೆಯ ಕರೆಯೋಲೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದೆಯೆಂದು ನೀನು ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಿದೆ. ಅದನ್ನು ನಾನು ಮರೆತಿಲ್ಲ. ಇನ್ನೊಂದನ್ನೂ ಮರೆತಿಲ್ಲ. ಚಿಕ್ಕವರಿದ್ದಾಗ ನನ್ನ ಸ್ಲೇಟಿನಲ್ಲಿ ತಪ್ಪಿದ್ದರೆ ನೀನು ಮೊದಲೇ ನೋಡಿರುತ್ತಿದ್ದೆ. ಮೇಷ್ಟ್ರು ಬೈದ ಮೇಲೆ ಹೇಳುತ್ತಿದ್ದೆ.

ನಾನೇನೂ ಕೇಳುತ್ತಿಲ್ಲ.

ನಿನ್ನ ತಂಗಿ


ಮೇ 29

ತಂಗಿಗೆ,

ಹಿರಿಯರ ಕಾಗದ ಬಂತು. ಒಪ್ಪಿದ್ದೇನೆ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಉಳಿಯಲು ಗಡಿಯಾರದವರ ಮನೆಯಲ್ಲಿ ಏರ್ಪಾಡು ಮಾಡಿದ್ದಾರೆ, ಅದೇ ಸರಿ.

ಸ್ಲೇಟಿನ ಮಾತು ನನಗೆ ನೆನಪಿಲ್ಲ. ಪೊರಕೆ ತಂದ ಹುಡುಗನಿಗೆ ಕಿ ಬರೆದು ತೋರಿಸಿದ್ದು ನೆನಪಿದೆ. ಅದನ್ನು ಯಾರೂ ಪೀಠದ ಮೇಲೆ ಹೇಳುವುದಿಲ್ಲ.

ಹಸ್ತಪ್ರತಿ ಇನ್ನೂ ಸಿಕ್ಕಿಲ್ಲ.

ಅಣ್ಣ


ಜೂನ್ 6

ಗಂಟೆ,

ಇಪ್ಪತ್ತೆರಡು ವರ್ಷದಲ್ಲಿ ನಾನು ನಿನ್ನನ್ನು ಈ ಹೆಸರಿನಿಂದ ಕರೆದು ಬರೆದದ್ದಿಲ್ಲ. ಈ ಪತ್ರದ ಜೊತೆ ನಿನ್ನ ಹಸ್ತಪ್ರತಿಯ ಎಂಬತ್ತೆಂಟನೆಯ ಹಾಳೆ ಇದೆ. ಕೆಳಗಿನಿಂದ ಮೂರನೆಯ ಸಾಲು ನೋಡು. ‘ಬಿಡಬೇಕಲ್ಲ.’ ಗುಡಿಸು ಇಲ್ಲ. ನೀನು ಸರಿಯಾಗಿಯೇ ಬರೆದಿದ್ದೆ.

ಹಸ್ತಪ್ರತಿ ಅಟ್ಟದಲ್ಲಿ ಇರಲಿಲ್ಲ. ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ಮಾರ್ಚಿನಿಂದ ಅಲ್ಲೇ ಇದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಟೈಪ್ ಮಾಡುವ ಅಕ್ಕ ಕಕ್ಕೆ ಒಂದು ಗುಡಿಸು ಹೆಚ್ಚು ಕೊಟ್ಟಿದ್ದರು. ಅದು ಅವರ ತಪ್ಪಲ್ಲ, ಅಂಥದ್ದನ್ನು ಹಿಡಿಯಲೆಂದೇ ನನಗೆ ಸಂಬಳ. ಮಧ್ಯಾಹ್ನ ಮೂರು ಗಂಟೆ, ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ, ಬೆಳಕು ಚೆನ್ನಾಗಿತ್ತು. ಪುಟದ ಮೇಲರ್ಧದಲ್ಲಿ ಪೀಠದ ಮೇಲೆ ಬಾಯಿ ತೆರೆದು ನಿಂತ ನಾನಿದ್ದೆ. ಕೆಳಗಿನ ಅರ್ಧದಲ್ಲಿ ಆ ಸಾಲಿತ್ತು. ಕೆಂಪು ಪೆನ್ನನ್ನು ಗುಡಿಸಿನ ಮೇಲೆ ತಂದೆ. ಅಲ್ಲೇ ಸ್ವಲ್ಪ ಹೊತ್ತು ಹಿಡಿದೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದೆ.

ನೋಡಿದೆ. ಬಿಟ್ಟೆ.

ಕಣ್ತಪ್ಪಲ್ಲ. ಅದು ಯಾವ ಬೋಧನೆಯಾಗುತ್ತದೆ, ಯಾರು ಅದನ್ನು ಮೊದಲು ಹಿಡಿಯುತ್ತಾರೆ, ಹಿಡಿದ ಮೇಲೆ ಏನಾಗುತ್ತದೆ, ಎಲ್ಲವೂ ಆ ಕ್ಷಣವೇ ಹೊಳೆದಿತ್ತು. ಬಡಗಿಯೊಬ್ಬ ಮಾತ್ರ ಹೊಳೆದಿರಲಿಲ್ಲ.

ಏಕೆ ಎಂದು ನೀನು ಕೇಳುವುದಿಲ್ಲ. ಕೇಳದಿರುವುದೇ ನಿನ್ನ ದೊಡ್ಡಗುಣ, ನನಗೆ ಅದೂ ಸಹಿಸದು. ದೇವರ ವಾಕ್ಯವನ್ನು ನಾನು ನಿನಗಿಂತ ಹೆಚ್ಚು ಓದಿದ್ದೆ. ನನ್ನ ಮಾತು ನಿನ್ನ ಮಾತಿಗಿಂತ ನಿಖರ. ಆದರೂ ನೀನು ಬಾಯಿ ತೆರೆದರೆ ಜನ ಕಿಟಕಿಗಳ ಮೇಲೆ ಕೂರುತ್ತಾರೆ, ನಾನು ತೆರೆದರೆ ಗಾಳಿ ಒಳಗೆ ಹೋಗುತ್ತದೆ. ಅವತ್ತು ನೀನು ಹಾಡದಿದ್ದರೆ ಇನ್ನೊಂದು ನಿಮಿಷದಲ್ಲಿ ನನಗೆ ಮಾತು ಬರುತ್ತಿತ್ತೇನೋ. ಬರುತ್ತಿರಲಿಲ್ಲವೇನೋ. ನನ್ನಿಂದ ನೀನು ಕಿತ್ತುಕೊಂಡದ್ದು ಆ ಒಂದು ನಿಮಿಷ, ಎಂದು ಇಪ್ಪತ್ತೈದು ವರ್ಷ ನನಗೆ ನಾನೇ ಬೋಧಿಸಿಕೊಂಡು ಬಂದೆ. ಹೊಟ್ಟೆಕಿಚ್ಚಿಗೆ ಬೋಧನೆಯ ಕಾವಲು ಎಂಬ ಅಂಗಿ ತೊಡಿಸಿದೆ. ಅಳತೆ ಸರಿಯಾಗಿಯೇ ಇತ್ತು, ಯಾರಿಗೂ ಅನುಮಾನ ಬರಲಿಲ್ಲ.

ಮೊನ್ನೆ ನಿಮ್ಮ ಸಭೆಗೆಂದು ಪ್ರಸಂಗ ಬರೆದೆ. ಸುಳ್ಳು ಬೋಧಕರನ್ನು ಗುರುತಿಸುವುದು ಹೇಗೆ ಎಂದು. ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿಕೊಂಡೆ. ನಲವತ್ತು ನಿಮಿಷ. ಒಂದು ಕಡೆಯೂ ನಾಲಿಗೆ ತಡವರಿಸಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ. ಧ್ವನಿ ನಿನ್ನದರ ಹಾಗೇ ಇತ್ತು. ಆಗ ಹೆದರಿದೆ, ಗಂಟೆ. ಅಷ್ಟು ನಯವಾಗಿ ಮಾತಾಡುತ್ತಿರುವವನು ಯಾರು ಎಂದು ಕನ್ನಡಿಯಲ್ಲಿ ನೋಡಿದೆ. ‘ಬಿಡಬೇಕಿಲ್ಲ’ ಎಂದು ಜನರಿಗೆ ಬೋಧಿಸಿದವನು ನಿಂತಿದ್ದ. ಒಬ್ಬ ಬಡಗಿಗೆ ಬಾಗಿಲು ಮುಚ್ಚಿದವನು, ಅದೇ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಲು ಹೊರಟಿದ್ದ.

ಆ ಹಾಳೆಗಳನ್ನು ಹರಿದೆ. ಅತ್ತೆ ಕೂಡ. ಆದರೆ ಅದು ಪಶ್ಚಾತ್ತಾಪ. ಎರಡರ ವ್ಯತ್ಯಾಸವನ್ನು ಫೆಬ್ರವರಿಯಲ್ಲಿ ನಾನೇ ನಿನಗೆ ಬರೆದು ಕಳಿಸಿದ್ದೆ.

ಮುದ್ರಣಾಲಯದ ಮ್ಯಾನೇಜರರಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಹಿರಿಯರಿಗೂ ಬರೆಯುತ್ತಿದ್ದೇನೆ. ಈ ಹಾಳೆ ನಿನ್ನ ಕೈಸೇರಿದ ದಿನವೇ ಬಡಗಿಗೆ ತೋರಿಸು, ನನಗಾಗಿ ಕಾಯಬೇಡ. ಹಿರಿಯರು ಬೇಡವೆನ್ನದಿದ್ದರೆ ಭಾನುವಾರ ನಾನು ಬರುತ್ತೇನೆ, ಆದರೆ ಪ್ರಸಂಗಕ್ಕಲ್ಲ. ಪೀಠ ಹತ್ತಿ ಆ ಸಾಲನ್ನು ಸರಿಯಾಗಿ ಓದಿ, ತಪ್ಪನ್ನು ಯಾರು ನೋಡಿದರು, ನೋಡಿ ಏನು ಮಾಡಿದರು ಎಂದು ಹೇಳಿ ಇಳಿಯುತ್ತೇನೆ. ನಿಜ ಹೇಳುವಾಗ ನನ್ನ ನಾಲಿಗೆ ಕಟ್ಟುತ್ತದೆ. ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ ಗೊತ್ತಿಲ್ಲ.

ನಿನ್ನನ್ನು ಕೇಳಿಕೊಳ್ಳುವುದು ಒಂದೇ. ಈ ಸಲ ಹಾಡಬೇಡ.

ಕರಡಿ


ಜೂನ್ 25

ಕರಡಿ,

ನೀನು ಹೋಗಿ ಹತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ. ‘ಕ್ಷಮಿಸಿದ್ದೇನೆ’ ಎಂದು ಬರೆಯಲು ಕೂತು ಮೂರು ಹಾಳೆ ಹರಿದೆ. ಮೂರರಲ್ಲೂ ನಾನು ಬಹಳ ಒಳ್ಳೆಯವನಾಗಿ ಕಂಡೆ. ಅದಕ್ಕೇ ಹರಿದದ್ದು. ಎರಡು ವಾರ ಉಪವಾಸ ಕೂತು ನನ್ನೊಳಗೆ ಹುಡುಕಿದ ಆ ಕಳ್ಳ ಸಿಕ್ಕಿರಲಿಲ್ಲವಲ್ಲ, ನಿನ್ನ ಪತ್ರ ಓದಿದ ದಿನ ಬೇರೊಬ್ಬ ಸಿಕ್ಕ. ನಿನ್ನ ಕೊರಳಪಟ್ಟಿ ಹಿಡಿದು ಎಳೆದಾಡಬೇಕು ಅನ್ನುವವನು. ಅವನನ್ನು ಇನ್ನೂ ಹೊರಗೆ ಹಾಕಿಲ್ಲ. ಹಾಕುತ್ತೇನೆ. ಸಮಯ ಕೊಡು.

ಗುರುವಾರವೋ ಭಾನುವಾರವೋ ಎಂದು ನನಗೆ ನಿಜಕ್ಕೂ ನೆನಪಿರಲಿಲ್ಲ. ನಿನಗೆ ಇಷ್ಟು ವರ್ಷ ವಾರವೂ ನೆನಪಿದೆ ಎಂಬುದು ನನಗೆ ಹೊಳೆಯಬೇಕಿತ್ತು. ನಿನ್ನನ್ನು ಕೇಳದೆ ಆ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ, ಪ್ರತಿ ಸಲವೂ ನನ್ನ ಹಾಡು ಇನ್ನಷ್ಟು ಇಂಪಾಗುತ್ತ ಹೋಗಿದೆ. ನಿನ್ನ ತಂಗಿ ಹಿಂದೆಯೇ ಹೇಳಿದ್ದಳು, ‘ಆ ಕಥೇಲಿ ದೇವರಿಗಿಂತ ನೀವೇ ಜಾಸ್ತಿ ಕಾಣ್ತೀರಿ’ ಅಂತ. ಇದನ್ನು ನಿನ್ನ ತಪ್ಪಿಗೆ ಸಮ ಮಾಡಲು ಬರೆಯುತ್ತಿಲ್ಲ. ನನ್ನ ಕರಡಿನಲ್ಲೂ ಒಂದು ತಪ್ಪಿತ್ತು, ಅಷ್ಟೇ.

ಈಗ ಆ ಭಾನುವಾರದ ಮಾತು. ನೀನು ತಲೆ ಎತ್ತಲೇ ಇಲ್ಲ, ಆದ್ದರಿಂದ ನಿನಗೆ ಕಾಣದಿದ್ದದ್ದನ್ನು ಹೇಳುತ್ತೇನೆ.

ನೀನು ನಿಂತದ್ದು ನಾಲ್ಕು ನಿಮಿಷ. ನನ್ನ ಎದುರಿನ ಗೋಡೆಯ ಗಡಿಯಾರದಲ್ಲಿ ನೋಡಿದೆ. ಮೊದಲ ನಿಮಿಷ ಜನ ಪ್ರಾರ್ಥನೆ ಎಂದುಕೊಂಡು ಕಣ್ಣು ಮುಚ್ಚಿದರು. ಎರಡನೆಯದರಲ್ಲಿ ಕೆಮ್ಮು ಶುರುವಾಯಿತು. ನನಗೆ ಗಂಟಲಿಗೆ ಹಾಡು ಬಂದುಬಿಟ್ಟಿತ್ತು, ಅಭ್ಯಾಸ. ನಿನ್ನ ತಂಗಿ ನನ್ನ ಮುಂಗೈಯನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಬಾಯಿ ಮುಚ್ಚಿಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಪ್ರಸಂಗ ಅದು. ಮೂರನೆಯ ನಿಮಿಷಕ್ಕೆ ಕೆಮ್ಮೂ ನಿಂತಿತು. ಕಿಟಕಿಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ನಿಂತರು. ಆಮೇಲೆ ನೀನು ‘ನೋ, ನೋ’ ಎಂದು ಎರಡು ಸಲ ತಡೆದು ‘ನೋಡಿದೆ’ ಎಂದೆ.

ಒಂದು ಮಾತು ಹೇಳಲೇ? ನನಗೆ ಹೊಟ್ಟೆ ಉರಿಯಿತು. ನಿಜವಾಗಿ. ಅಂಥ ಮೌನ ಆ ಸಭೆ ನನಗೆ ಯಾವತ್ತೂ ಕೊಟ್ಟಿಲ್ಲ. ನನ್ನ ಹನ್ನೆರಡು ಪ್ರಸಂಗಗಳನ್ನು ತಕ್ಕಡಿಯ ಒಂದು ಕಡೆ ಹಾಕಿದರೂ ನಿನ್ನ ಆ ನಾಲ್ಕು ನಿಮಿಷ ಮೇಲೇಳುತ್ತಿರಲಿಲ್ಲ. ಈ ಕಾಯಿಲೆ ನಮ್ಮಿಬ್ಬರಲ್ಲಿ ಒಬ್ಬನಿಗೆ ಮಾತ್ರ ಎಂದು ನೀನು ತಿಳಿದಿದ್ದರೆ, ತಿದ್ದಿಕೋ.

ನೀನು ಹೇಳಿದ ಹಾಗೆ ಆ ಹಾಳೆಯನ್ನು ಬಡಗಿಗೆ ಮೊದಲೇ ತೋರಿಸಿದ್ದೆ. ‘ಕೈಬರಹ ಯಾರು ಬೇಕಾದ್ರೂ ಬರೀಬಹುದು’ ಎಂದುಬಿಟ್ಟ. ಭಾನುವಾರ ಕಡೆಯ ಬೆಂಚಿನಲ್ಲಿದ್ದ. ನೀನು ಪೀಠದಿಂದ ಇಳಿಯುವ ಹೊತ್ತಿಗೆ ಅವನ ಜಾಗ ಖಾಲಿ. ಪುಸ್ತಕ ಮಾತ್ರ ಬೆಂಚಿನ ಮೇಲಿತ್ತು. ಆಸ್ಪತ್ರೆಯಲ್ಲಿ ತಮ್ಮನ ಮಂಚದ ಪಕ್ಕ ಎರಡು ಗಂಟೆ ಕೂತಿದ್ದನಂತೆ. ಹೇಳಿದನಂತೆ. ತಮ್ಮ ಗೋಡೆಯ ಕಡೆ ತಿರುಗಿ ಮಲಗಿದ. ಇವನು ಮರುದಿನವೂ ಹೋದ. ಮೂರನೆಯ ದಿನ ತಮ್ಮ, ‘ಒಲೆ ಆರಿಸಿ ಬಂದ್ಯಾ ಇವತ್ತು?’ ಎಂದು ಕೇಳಿದನಂತೆ. ಅದು ಕ್ಷಮೆಯೋ ಚುಚ್ಚು ಮಾತೋ ಬಡಗಿಗೂ ತಿಳಿದಿಲ್ಲ. ಶುಕ್ರವಾರ ತಮ್ಮ ತೀರಿಕೊಂಡ. ಇದನ್ನು ನಿನ್ನಿಂದ ಮುಚ್ಚಿಡಬಾರದು ಎಂದು ಬರೆದೆ. ಏಪ್ರಿಲ್‌ನಲ್ಲೇ ಹೋಗಿದ್ದರೆ ಅವರಿಗೆ ಎರಡು ತಿಂಗಳು ಸಿಗುತ್ತಿತ್ತು. ಸಿಕ್ಕಿದ್ದು ಐದು ದಿನ. ಈ ಲೆಕ್ಕವನ್ನು ನಾನು ತಿದ್ದಲಾರೆ, ನೀನೂ ತಿದ್ದಲಾರೆ.

ಹಿರಿಯರು ನನ್ನನ್ನು ಮತ್ತೆ ಪೀಠಕ್ಕೆ ಕರೆದರು. ಒಂದು ತಿಂಗಳು ಬೇಡ ಎಂದಿದ್ದೇನೆ. ಗುಡಿಸುವ ಕೆಲಸ ಅಭ್ಯಾಸವಾಗಿದೆ. ನಿನ್ನ ಮುದ್ರಣಾಲಯದವರು ನಿನ್ನನ್ನು ಉಳಿಸಿಕೊಂಡರೋ ಇಲ್ಲವೋ ನೀನು ಬರೆದಿಲ್ಲ. ಉಳಿಸಿಕೊಳ್ಳದಿದ್ದರೂ ಒಂದು ಕೆಲಸ ಬಾಕಿ ಇದೆ. ಮಾರಾಟವಾಗದ ಪ್ರತಿಗಳೂ ಜನ ಹಿಂದಕ್ಕೆ ತಂದುಕೊಟ್ಟ ಪ್ರತಿಗಳೂ ಸಭಾಂಗಣದ ಹಿಂದಿನ ಕೋಣೆಯಲ್ಲಿವೆ. ಎಲ್ಲದರ ಅರವತ್ತೊಂದನೆಯ ಪುಟದಲ್ಲಿ ಆ ಗುಡಿಸನ್ನು ಕೈಯಿಂದ ಹೊಡೆದುಹಾಕಬೇಕು. ಚೀಟಿ ಅಂಟಿಸಿದರೆ ಸಾಕು ಎಂದರು ಗಡಿಯಾರದವರು. ನಾನು ಒಪ್ಪಲಿಲ್ಲ. ಎರಡು ಕೆಂಪು ಪೆನ್ನು ತಂದಿಟ್ಟಿದ್ದೇನೆ. ಒಂದು ನನಗೆ. ಮೇಜಿನ ಎರಡು ಕಡೆ ಕೂತು ಮಾಡೋಣ. ಮಾತಾಡದೆಯೂ ಮಾಡಬಹುದಾದ ಕೆಲಸ.

ಶನಿವಾರದ ಬಸ್ಸಿಗೆ ಬಾ. ನಮ್ಮ ಮನೆಯಲ್ಲೇ ಉಳಿ.

ಬರಬೇಕಲ್ಲ.

ಈ ಪದವನ್ನು ಎರಡು ಸಲ ನೋಡಿಕೊಂಡಿದ್ದೇನೆ. ಗುಡಿಸು ಇಲ್ಲ.

ಗಂಟೆ